ಹೆಳವಪ್ಪ ನಿಲ್ಲಿಸಿದ ಜಾಗ

ನಮ್ಮ ಸೀಮೆಯ ಚರಿತ್ರೆ ಮತ್ತು ಸಂಸ್ಕೃತಿಯ ಮೇಲೆ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಆದವಾನಿಯಲ್ಲಿ ಮಾಡಿದ ಆರು ಉಪನ್ಯಾಸಗಳು ಇವತ್ತಿಗೂ ದನಿ ಗೀರಿಟ್ಟ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಇವೆ. ದೂರದ ದೊಡ್ಡ ಊರಿನಲ್ಲಿ, ವಿಶ್ವವಿದ್ಯಾಲಯದ ದಫ್ತರಖಾನೆಯ ಬೀರುವಿನೊಳಗೆ, ಕಾಗದದ ಚೀಲ ತೊಟ್ಟು, ನಂಬರು ಹಾಕಿಸಿಕೊಂಡು ಸುಖವಾಗಿವೆ. ಐದನೆಯ ಉಪನ್ಯಾಸದ ಕೊನೆಯ ತಟ್ಟೆಯ ಚೀಲದ ಮೇಲೆ ‘ಕುರಿ ಕಾಯುವವರ ಒಂದು ಮನೆತನದ ವಂಶಾವಳಿ, ಸಂಪೂರ್ಣ’ ಎಂದು ಬರೆದಿದೆ. ಅಕ್ಷರ ದುಂಡಗಿದೆ. ಆ ಅಕ್ಷರ ನನ್ನದು, ಆ ಮನೆತನ ನನ್ನದು, ಆ ಸುಳ್ಳೂ ನನ್ನದೇ.

ಇದನ್ನು ಇಷ್ಟು ವರ್ಷ ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಈಗ ಹೇಳಿದರೆ ಏನೋ ಸರಿಹೋಗುತ್ತದೆ ಎಂಬ ಭ್ರಮೆಯೂ ಇಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹುಡುಗರ ಕೈಯಲ್ಲಿ ನೂರು ಸಲ ಕಾಪಿ ಬರೆಸಿದ ಮೇಷ್ಟ್ರು ನಾನು. ನನಗೆ ಮಾತ್ರ ಆ ಪಾಠ ತಲೆಗೆ ಹತ್ತಲಿಲ್ಲ.

ನಮ್ಮದು ಕೌತಾಳದ ಕಡೆಯ ಹಳ್ಳಿ. ಆಗ ನಾವೆಲ್ಲ ಬಳ್ಳಾರಿ ಜಿಲ್ಲೆಯವರು. ಅಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿಹಿಂಡಿನ ಹಿಂದೆ ಅಡವಿಯಲ್ಲಿರುತ್ತಿದ್ದ. ನಾನು ಹುಟ್ಟುವ ಮುಂಚೆ ಅವ್ವ ಮೂರು ಗಂಡುಮಕ್ಕಳನ್ನು ಹೆತ್ತು, ಮೂವರನ್ನೂ ನಡೆಯಲು ಕಲಿಯುವ ಹೊತ್ತಿಗೆ ಮಣ್ಣಿಗೆ ಕೊಟ್ಟಿದ್ದಳು. ನಾಲ್ಕನೆಯವನು ನಾನು. ಹುಟ್ಟಿದ ದಿನವೇ ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿದರು. ಮೂಗು ಚುಚ್ಚಿದರು. ಒಂದು ಮೊರ ತೌಡಿಗೆ ಪಕ್ಕದ ಮನೆಯವಳಿಗೆ ಮಾರಿ ತಿರುಗಿ ಕೊಂಡರು. ಹೆಸರಿನಲ್ಲೂ ತಿಪ್ಪೆಯನ್ನೇ ಸೇರಿಸಿದರು. ಇಂಥದ್ದನ್ನು ಯಮ ಕೂಡ ಮುಟ್ಟುವುದಿಲ್ಲ ಎಂಬುದು ಲೆಕ್ಕ. ಲೆಕ್ಕ ತಪ್ಪಲಿಲ್ಲ, ನಾನು ಬದುಕಿದೆ.

ಇದರ ಮೇಲೆ ಅವ್ವ ಇನ್ನೊಂದು ಹರಕೆ ಹೊತ್ತಳು. ಸತ್ತ ಅಣ್ಣಂದಿರ ಹೆಸರು ಉಳಿದವನ ಕಿವಿಗೆ ಬಿದ್ದರೆ ಅವರು ಇವನನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ನಮ್ಮ ಕಡೆ ಹೇಳುತ್ತಿದ್ದರು. ಅದಕ್ಕೇ ಅವಳು ಆ ಮೂರು ಹೆಸರು ಬಾಯಲ್ಲಿ ತರುವುದನ್ನೇ ಬಿಟ್ಟಳು. ಮನೆಯಲ್ಲಿ ಯಾರೂ ತರುತ್ತಿರಲಿಲ್ಲ. ಆ ಹೆಸರುಗಳು ವರ್ಷಕ್ಕೆ ಒಂದೇ ಸಲ, ಒಬ್ಬನ ಬಾಯಲ್ಲಿ ಮಾತ್ರ ಬರುತ್ತಿದ್ದವು. ಅವನು ನಮ್ಮ ಹೆಳವಪ್ಪ.

ಹೆಳವರನ್ನು ಈಗಿನವರು ಕಂಡಿರಲಿಕ್ಕಿಲ್ಲ. ಸುಗ್ಗಿಯ ತಿಂಗಳಲ್ಲಿ ಎತ್ತಿನ ಬೆನ್ನಿಗೆ ಕೌದಿ ಹಾಕಿ, ಅದರ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಾರೆ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆತನಗಳು ಎಂದು ಗೊತ್ತಾಗಿರುತ್ತದೆ. ಆ ಮನೆಯ ಮೂಲಪುರುಷ ಯಾರು, ಎಲ್ಲಿಂದ ಬಂದ, ಯಾವ ಹೊಳೆ ದಾಟಿದ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಎಲ್ಲವೂ ಅವನ ಬಾಯಲ್ಲೇ. ಕಾಗದವಿಲ್ಲ, ಓಲೆಯಿಲ್ಲ. ಹೆಳವ ಎಂದರೆ ಕಾಲಿಲ್ಲದವನು ಎಂದರ್ಥ. ನಮ್ಮ ಹೆಳವಪ್ಪನ ಕಾಲು ಕಲ್ಲಿನಂತಿದ್ದವು, ಆದರೂ ಹೇಳುವಾಗ ಎತ್ತಿನಿಂದ ಇಳಿಯುತ್ತಿರಲಿಲ್ಲ. ಹಿರಿಯರ ಹೆಸರೆಲ್ಲ ಹೇಳುತ್ತ ಹೇಳುತ್ತ ಅಪ್ಪನ ಹೆಸರಿಗೆ ಬಂದು ಥಟ್ಟನೆ ನಿಲ್ಲಿಸುವನು. ಜೋಳಿಗೆಯ ಬಾಯಿ ಬಿಚ್ಚಿ ಹಿಡಿಯುವನು. ಮನೆಯವರು ಮೊರದಲ್ಲಿ ಜೋಳ ತಂದು ಹಾಕಬೇಕು. ಹಾಕುವವರೆಗೆ ಮುಂದಿನ ಹೆಸರು ಬಾಯಿಂದ ಹೊರಡುವುದಿಲ್ಲ. ಮನೆಯ ಮಕ್ಕಳ ಹೆಸರು ಬರಿಗೈಯಲ್ಲಿ ಕೇಳಬಾರದು ಎಂಬುದು ಅವರ ಕಟ್ಟು.

ಹಾಲುಗೂಸಾಗಿ ಹೋದವರನ್ನು ಹೆಳವರು ವಂಶದಲ್ಲಿ ಹೇಳುವ ವಾಡಿಕೆ ಇಲ್ಲ. ನಮ್ಮ ಹೆಳವಪ್ಪ ಅವ್ವನ ಮುಖ ನೋಡಿ ಹೇಳುತ್ತಿದ್ದ. ಜೋಳ ಬಿದ್ದೊಡನೆ ಮೊದಲು ಆ ಮೂರು ಹೆಸರು, ಆಮೇಲೆ ನನ್ನದು. ಅವ್ವ ಮೊರ ಕೆಳಗಿಟ್ಟು, ಎರಡೂ ಅಂಗೈಯಿಂದ ನನ್ನ ಕಿವಿಗಳನ್ನು ಒತ್ತಿ ಹಿಡಿಯುತ್ತಿದ್ದಳು. ಜೋಳದ ಧೂಳಿನ ವಾಸನೆ, ಕಿವಿಯೊಳಗೆ ಗುಂಯ್ ಎನ್ನುವ ಸದ್ದು, ಎದುರಿಗೆ ಹೆಳವಪ್ಪನ ತುಟಿ ಅಲ್ಲಾಡುವುದು. ನನ್ನ ಅಣ್ಣಂದಿರ ವಿಷಯದಲ್ಲಿ ನನಗಿರುವ ನೆನಪು ಇಷ್ಟೇ. ಕೈ ತೆಗೆದಾಗ ಅವ್ವನ ಮುಖ ಊಟವಾದವರ ಮುಖದಂತಿರುತ್ತಿತ್ತು. ಆಮೇಲೆ ಒಂದು ವರ್ಷ ಅದರಲ್ಲೇ ಕಳೆಯುತ್ತಿದ್ದಳು.

ನಾನು ಓದಿದೆ. ನಮ್ಮ ಹಟ್ಟಿಯಲ್ಲಿ ಅಕ್ಷರ ಕಲಿತ ಮೊದಲನೆಯವನಾಗಿ ಆದವಾನಿಯ ಒಂದು ಶಾಲೆಯಲ್ಲಿ ಮೇಷ್ಟ್ರಾದೆ. ರಿಜಿಸ್ಟರಿನಲ್ಲಿ ಹೆಸರು ತಿದ್ದಿಸಿಕೊಂಡೆ. ತಿಪ್ಪೆ ಹೋಗಿ ದೇವರು ಬಂದ. ಕೋಟು ಹೊಲಿಸಿದೆ. ಅವ್ವ ನೇಯ್ದು ಕಳಿಸಿದ ಕಂಬಳಿಯನ್ನು ಟ್ರಂಕಿನ ತಳದಲ್ಲಿಟ್ಟೆ. ಕುರಿಯ ವಾಸನೆ ಬರುತ್ತದೆ ಎಂದು ನಾನೇ ಮೂಗು ಮುರಿಯುವಷ್ಟು ಮುಂದೆ ಬಂದಿದ್ದೆ.

ಯುದ್ಧ ಶುರುವಾಗುವ ಮುಂಚಿನ ಮಾತು. ಪ್ರೊಫೆಸರರು ಬಂದರು. ನಮ್ಮ ಶಾಲೆಯ ಹಾಲಿನಲ್ಲಿ ದಿನ ಬಿಟ್ಟು ದಿನ ಸಂಜೆ ಐದಕ್ಕೆ ಉಪನ್ಯಾಸ. ಕೋಟೆಯ ಮೇಲೆ ಒಂದು, ತುಂಗಭದ್ರೆ ಮತ್ತು ಮಂತ್ರಾಲಯದ ಮೇಲೆ ಒಂದು, ಹತ್ತಿ ವ್ಯಾಪಾರದ ಮೇಲೆ ಒಂದು. ವಕೀಲರು, ಹತ್ತಿಯ ಸಾಹುಕಾರರು, ಮೇಷ್ಟ್ರುಗಳು ಮುಂದಿನ ಸಾಲಿನಲ್ಲಿ. ಅಲ್ಲಿ ಕೂತ ಹಿರಿಯರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ನಮ್ಮ ಕಡೆ ಅದು ಯಾರಿಗೂ ತೊಡಕಲ್ಲ. ಪ್ರೊಫೆಸರರ ಜೊತೆ ಒಂದು ಯಂತ್ರ ಬಂದಿತ್ತು. ಆಡಿದ ಮಾತನ್ನು ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೀರುವ ಯಂತ್ರ. ಒಂದು ಮಗ್ಗುಲಿಗೆ ನಾಲ್ಕು ನಿಮಿಷ. ಯಂತ್ರದವನು ಕೈ ಎತ್ತಿದರೆ ಶುರು, ಇಳಿಸಿದರೆ ಮುಗಿಯಿತು.

“ಐದನೆಯ ಉಪನ್ಯಾಸದಲ್ಲಿ ಜನರ ಚರಿತ್ರೆ ಹೇಳುತ್ತೇನೆ. ಹೆಳವನೊಬ್ಬನ ದನಿ ಬೇಕಿತ್ತು. ಯಾರಾದರೂ ಸಿಗುತ್ತಾರೆಯೆ?” ಎಂದು ಪ್ರೊಫೆಸರರು ಕೇಳಿದರು.

“ನಾನು ಕರೆಸುತ್ತೇನೆ ಸಾರ್” ಎಂದು ಎಲ್ಲರಿಗಿಂತ ಮೊದಲು ಎದ್ದು ನಿಂತವನು ನಾನು.

ಹಳ್ಳಿಗೆ ಹೋಗಿ ಹೇಳಿದಾಗ ಅವ್ವನಿಗೆ ಮೊದಲು ನಂಬಿಕೆ ಬರಲಿಲ್ಲ.

“ಯಂತ್ರದಾಗ ಕುಂತು ಯಾವಾಗ ಕೇಳಿದ್ರೂ ಹೇಳ್ತಾನೇನು?”

“ಹೇಳ್ತಾನವ್ವ. ಎಷ್ಟು ಸಲ ತಿರುಗಿಸಿದ್ರ ಅಷ್ಟು ಸಲ.”

ಅವಳು ಎದ್ದು ಹೋಗಿ ಒಂದು ಗಂಟು ಜೋಳ ಕಟ್ಟಿ ತಂದಳು. ಕಲ್ಲು, ಹೊಟ್ಟು ಒಂದೂ ಇಲ್ಲದಂತೆ ಹಸನು ಮಾಡಿದ ಬಿಳಿಜೋಳ.

“ಹೆಳವಪ್ಪ ನಿಂತ ಕೂಡ್ಲೆ ಹಾಕು. ಹಾಕಿ ಕಿವಿ ಮುಚ್ಕೋ. ನೀ ದೊಡ್ಡಾವ ಆಗಿ ಅಂತ ಬಿಡಬ್ಯಾಡ.”

ಐದನೆಯ ಉಪನ್ಯಾಸದ ದಿನ ಹೆಳವಪ್ಪ ಎತ್ತಿನ ಸಮೇತ ಬಂದ. ಎತ್ತನ್ನೂ ಹಾಲಿನೊಳಗೆ ಬಿಡಬೇಕೆಂದ. ಹೆಡ್ಮಾಸ್ಟರು ಕಣ್ಣು ಕೆಂಪಗೆ ಮಾಡಿದರು. ಕೊನೆಗೆ ಎತ್ತು ಬೇವಿನ ಮರದ ಕೆಳಗೆ ಉಳಿಯಿತು, ಹೆಳವಪ್ಪ ಒಂದು ಬೆಂಚಿನ ಮೇಲೆ ಕೌದಿ ಹಾಸಿ, ಎತ್ತಿನ ಮೇಲೆ ಕೂತ ಹಾಗೆಯೇ ಅತ್ತ ಒಂದು ಕಾಲು ಇತ್ತ ಒಂದು ಕಾಲು ಹಾಕಿ ಕೂತ. ಮುಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ. ಜೋಳದ ಗಂಟು ನನ್ನ ಕೈಯಲ್ಲಿತ್ತು. ನಗು ಕೇಳಿದ ಮೇಲೆ ಅದನ್ನು ಮೆಲ್ಲಗೆ ಹಾಲಿನ ಮೂಲೆಯಲ್ಲಿದ್ದ ಬೀರುವಿನ ಹಿಂದೆ ಸರಿಸಿದೆ.

ಯಂತ್ರದವನ ಕೈ ಮೇಲಾಯಿತು. ಹೆಳವಪ್ಪ ಗಂಟೆ ಬಾರಿಸಿ ಶುರು ಮಾಡಿದ. ಮೂಲಪುರುಷ, ಹೊಳೆ ದಾಟಿದ್ದು, ಹುಲಿ ಹಿಡಿದ ಕುರಿಯನ್ನು ಬಿಡಿಸಿಕೊಂಡಿದ್ದು, ಒಬ್ಬರ ಹಿಂದೊಬ್ಬರು. ಪ್ರೊಫೆಸರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಮ್ಮಪ್ಪನ ಹೆಸರು ಬಂತು. ಹೆಳವಪ್ಪ ನಿಲ್ಲಿಸಿದ. ಜೋಳಿಗೆಯ ಬಾಯಿ ಬಿಚ್ಚಿ, ನನ್ನ ಕಡೆ ತಿರುಗಿ ಹಿಡಿದ.

ಅವನು ಯಾಕೆ ನಿಲ್ಲಿಸಿದ ಎಂಬುದು ಆ ಹಾಲಿನಲ್ಲಿ ಇಬ್ಬರಿಗೆ ಗೊತ್ತಿತ್ತು, ಅವನಿಗೆ ಮತ್ತು ನನಗೆ. ಬೀರು ನಾಲ್ಕು ಹೆಜ್ಜೆಯಲ್ಲಿತ್ತು. ವಕೀಲರು, ಸಾಹುಕಾರರು, ವಿಶ್ವವಿದ್ಯಾಲಯ, ಎಲ್ಲರ ಮುಂದೆ ಕೋಟು ಹಾಕಿದ ನಾನು ಜೋಳದ ಗಂಟು ಬಿಚ್ಚಿ ಭಿಕ್ಷೆಯ ಹಾಗೆ ಸುರಿಯಬೇಕು. ನನ್ನ ಕಾಲು ಏಳಲಿಲ್ಲ. ಹೆದರಿಕೆಯೂ ಇತ್ತೇನೋ, ಜೋಳ ಬಿದ್ದರೆ ಹೆಸರು ಬರುತ್ತವೆ, ಎಲ್ಲರೆದುರು ಕಿವಿ ಮುಚ್ಚಿಕೊಳ್ಳಬೇಕು, ಇಲ್ಲವೆ ಕೇಳಬೇಕು. ಆದರೆ ಹೆದರಿಕೆಯ ಮೇಲೆ ಭಾರ ಹಾಕಿ ನಾನು ತಪ್ಪಿಸಿಕೊಳ್ಳಬಾರದು. ಅದು ನಾಚಿಕೆಯೇ. ಹೆಳವಪ್ಪ ಜೋಳಿಗೆಯನ್ನು ಇನ್ನೊಂದಿಷ್ಟು ಮುಂದೆ ಚಾಚಿದ. ನಾನು ನೆಲ ನೋಡಿದೆ. ಯಂತ್ರ ಗರಗರ ತಿರುಗುತ್ತಲೇ ಇತ್ತು. ಆಮೇಲೆ ಯಂತ್ರದವನ ಕೈ ಕೆಳಗಿಳಿಯಿತು.

“ಬಹಳ ಚೆನ್ನಾಗಿತ್ತು. ಮುಗಿಯಿತಲ್ಲವೆ?” ಎಂದು ಪ್ರೊಫೆಸರರು ನನ್ನನ್ನು ಕೇಳಿದರು.

“ಮುಗಿಯಿತು ಸಾರ್.”

“ಹಾಗಾದರೆ ಚೀಲದ ಮೇಲೆ ಬರೆದುಬಿಡಿ.”

ಬರೆದೆ. ಹೊರಗೆ ಬೇವಿನ ಮರದ ಕೆಳಗೆ ಹೋಗಿ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಜೋಳವನ್ನು ಹೆಳವಪ್ಪನ ಜೋಳಿಗೆಗೆ ಸುರಿದೆ. ಅವನು ಬೇಡ ಎನ್ನಲಿಲ್ಲ. ಸಿಟ್ಟೂ ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

“ಯಪ್ಪಾ, ನಾಕು ಹೆಸರು ನನ್ನ ಬಾಯಾಗ ಉಳದಾವ. ನಡುವ ಕಡದದ್ದು ಇಲ್ಲಿ ಹೇಳಾಕ ಬರಂಗಿಲ್ಲ. ಸುಗ್ಯಾಗ ಬಂದು ನಿಮ್ಮವ್ವನ ಮುಂದ ಹೇಳ್ತೀನಿ” ಎಂದ.

ಆ ವಾರ ಹಳ್ಳಿಗೆ ಹೋದಾಗ ಅವ್ವ ಕೇಳಿದಳು. “ಜೋಳ ಹಾಕಿದೇನು?”

“ಹಾಕಿದೆ” ಎಂದೆ. ಸುಳ್ಳಲ್ಲ, ಹಾಕಿದ್ದೆ. ಮೇಷ್ಟ್ರ ಬುದ್ಧಿ ಇಂಥ ಕಡೆ ಚುರುಕಾಗಿ ಓಡುತ್ತದೆ.

ಸುಗ್ಗಿ ಬರುವ ಮುಂಚೆಯೇ ಹೆಳವಪ್ಪ ಚಿಪ್ಪಗಿರಿಯ ಹತ್ತಿರ ಜ್ವರ ಬಂದು ತೀರಿಕೊಂಡ. ಸಂತೆಯಲ್ಲಿ ಯಾರೋ ಹೇಳಿದರು. ಅವನ ಮಗ ಆದವಾನಿಯ ಒಂದು ಹತ್ತಿ ಮಿಲ್ಲಿನಲ್ಲಿ ಕೂಲಿಗೆ ಸೇರಿದ್ದ. ಅಪ್ಪನ ವಿದ್ಯೆ ಕಲಿತಿರಲಿಲ್ಲ. ನಮ್ಮ ಮನೆತನ ಹೇಳುವ ಬಾಯಿ ಇನ್ನೊಂದಿರಲಿಲ್ಲ.

ಅದೇ ಹೊತ್ತಿಗೆ ವಿಶ್ವವಿದ್ಯಾಲಯದವರು ತಟ್ಟೆಗಳ ಪೆಟ್ಟಿಗೆಯನ್ನು ನನಗೆ ಕಳಿಸಿದ್ದರು. ಉಪನ್ಯಾಸಗಳನ್ನು ಕೇಳಿ ಅಕ್ಷರಕ್ಕೆ ಇಳಿಸಿಕೊಡುವ ಕೆಲಸ ನನ್ನದು. ಉಕ್ಕಿನ ಮುಳ್ಳು ಹಾಕಿದರೆ ಅಲ್ಯೂಮಿನಿಯಂ ಕೆತ್ತಿಹೋಗುತ್ತದೆ, ಮರದ ಮುಳ್ಳೇ ಆಗಬೇಕು ಎಂದು ಬರೆದಿದ್ದರು. ನಮ್ಮ ಕಡೆ ಜಾಲಿ ಮುಳ್ಳಿಗೇನು ಬರ? ಕೊಯ್ದು, ಒಣಗಿಸಿ, ಚೂರಿಯಿಂದ ಹೆರೆದು ಗ್ರಾಮಫೋನಿಗೆ ಹಾಕುತ್ತಿದ್ದೆ. ಒಂದು ಮುಳ್ಳು ಒಂದು ಮಗ್ಗುಲಿಗೆ ಸವೆದುಹೋಗುತ್ತಿತ್ತು. ಸದ್ದು ಸಣ್ಣದು, ಬಾವಿಯೊಳಗಿಂದ ಕರೆದ ಹಾಗೆ. ಐದನೆಯ ಉಪನ್ಯಾಸದ ಆ ತಟ್ಟೆಯನ್ನು ಎಷ್ಟು ಸಲ ಕೇಳಿದೆನೋ. ಅಪ್ಪನ ಹೆಸರು, ಆಮೇಲೆ ಗರಗರ. ಗರಗರದ ನಡುವೆ ಒಂದು ಕೆಮ್ಮು. ಆ ಕೆಮ್ಮು ನನ್ನದೇ.

ಹೆಳವಪ್ಪ ಸತ್ತ ಸುದ್ದಿ ಅವ್ವನಿಗೂ ಮುಟ್ಟಿತ್ತು. ಅವಳು ಅಳಲಿಲ್ಲ. “ಯಂತ್ರದಾಗ ಅದಾನಲ್ಲ. ತಗೊಂಡು ಬಾ” ಎಂದು ಹೇಳಿಕಳಿಸಿದಳು. ಅವಳ ಆ ನೆಮ್ಮದಿ ನನಗೆ ಬರೆ ಎಳೆದಂತಾಯಿತು. ತಟ್ಟೆ, ಗ್ರಾಮಫೋನು ಕಟ್ಟಿಕೊಂಡರೂ ಹೇಳಿಬಿಡಬೇಕೆಂದು ನಿಶ್ಚಯಿಸಿಯೇ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಹೋಗಿ ನೋಡಿದರೆ ಅವಳು ಬೆಳಿಗ್ಗೆಯೇ ನೆಲ ಸಾರಿಸಿ, ಮಣೆ ಹಾಕಿ, ಮೊರದಲ್ಲಿ ಜೋಳ ತುಂಬಿಕೊಂಡು, ಹೊಸ ಸೀರೆ ಉಟ್ಟು ಕೂತಿದ್ದಳು. ಹೇಡಿಗೆ ಹಗಲೂ ಕತ್ತಲೆ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತ ಮಣೆಯ ಮೇಲೆ ಗ್ರಾಮಫೋನಿಟ್ಟು ಕೀಲಿ ಕೊಟ್ಟೆ.

ಗಂಟೆ ಕೇಳಿತು. ಹೆಳವಪ್ಪನ ದನಿ ಬಂತು. ಅವ್ವ ಮುಂದೆ ಬಾಗಿ, “ಅವನ, ಅವನ” ಎಂದಳು. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿದಳು.

“ಹೆಸರು ಬರೋ ಹೊತ್ತಾತು. ನೀ ಹೊರಗ ನಡಿ.”

ಬರುವ ಹೆಸರು ಯಾವುದೂ ಇಲ್ಲ ಎಂದು ಗೊತ್ತಿದ್ದವನು ಎದ್ದು ಹೊರಗೆ ಹೋದೆ. ಕುರಿದೊಡ್ಡಿಯ ಬೇಲಿ ಹಿಡಿದು ನಿಂತೆ. ಒಳಗೆ ದನಿ ನಿಂತಿತು. ಬರೀ ಗರಗರ. ಆಮೇಲೆ ಜೋಳ ಸುರಿದ ಸದ್ದು. ಸ್ವಲ್ಪ ತಡೆದು ಇನ್ನೊಮ್ಮೆ ಸುರಿದ ಸದ್ದು. ಒಳಗೆ ಬಂದೆ. ಗ್ರಾಮಫೋನಿನ ಸುತ್ತ, ತಿರುಗುವ ತಟ್ಟೆಯ ಮೇಲೆ, ಎಲ್ಲೆಲ್ಲೂ ಜೋಳ. ಕಾಳುಗಳು ತಟ್ಟೆಯ ಮೇಲೆ ಕುಣಿದು ಕುಣಿದು ನೆಲಕ್ಕೆ ಬೀಳುತ್ತಿದ್ದವು. ಅವ್ವ ಮೂರನೆಯ ಮೊರ ತುಂಬಿಕೊಳ್ಳುತ್ತಿದ್ದಳು.

“ಇನ್ನೂ ಹೇಳವಲ್ಲ. ಕಡಿಮಿ ಆತೇನೋ. ಪಾಪ, ದೂರ ಅದಾನಲ್ಲ” ಎಂದಳು.

“ಅವ್ವಾ, ಬಿಡು. ಅವು ಇದರಾಗ ಇಲ್ಲ.”

“ನೀ ಜೋಳ ಹಾಕೀನಿ ಅಂದಿದ್ದಿ.”

“ಹೊರಗ ಹಾಕಿದೆ. ಎಲ್ಲಾ ಮುಗದ ಮ್ಯಾಲೆ.”

“ಒಳಗ ಯಾಕ ಹಾಕಲಿಲ್ಲ?”

“ನಾಚಿಕಿ ಆತವ್ವ” ಎಂದೆ. ಅವಳು ಕೂತು, ಒಂದೊಂದೇ ಕಾಳು ಹೆಕ್ಕಿ ಮೊರಕ್ಕೆ ಹಾಕತೊಡಗಿದಳು. ನಾನೂ ಹೆಕ್ಕಲು ಕೂತೆ. ಬೇಡ ಎಂದು ಕೈಯಿಂದ ತಡೆದಳು. ಆ ವಿಷಯ ಮತ್ತೆ ಅವಳ ಬಾಯಲ್ಲಿ ಬರಲೇ ಇಲ್ಲ.

ಬರಹ ಮುಗಿಸಿ, ಒಂದು ಪ್ರತಿ ನನ್ನ ಪುಸ್ತಕದಲ್ಲಿ ಉಳಿಸಿಕೊಂಡು, ಪೆಟ್ಟಿಗೆ ಹಿಂದಕ್ಕೆ ಕಳಿಸಿದೆ. ದಫ್ತರಖಾನೆಯಿಂದ ಕಾಗದ ಬಂತು. ಬರಹ ಶುದ್ಧವಾಗಿದೆ ಎಂದು ಹೊಗಳಿ, ತಟ್ಟೆಯೊಂದರ ಚೀಲದೊಳಗೆ ಧಾನ್ಯದ ಕಾಳುಗಳಿದ್ದವು, ಅವನ್ನು ತೆಗೆದು ಎಸೆಯಲಾಗಿದೆ, ಸರಕಾರಿ ಸಾಮಾನನ್ನು ಇನ್ನು ಮುಂದೆ ಶುಚಿಯಾಗಿ ಇಟ್ಟುಕೊಳ್ಳಬೇಕು ಎಂದು ಬರೆದಿದ್ದರು. ಚೀಲದ ಮೇಲಿನ ‘ಸಂಪೂರ್ಣ’ವನ್ನು ಹೊಡೆದುಹಾಕಿ ಎಂದು ಅವರಿಗೆ ಬರೆಯಲು ಎರಡು ಸಲ ಕೂತೆ. ಏನು ಉಳಿದಿದೆ ಎಂದು ಕೇಳಿದರೆ ಏನು ಹೇಳಲಿ? ಬರೆಯಲಿಲ್ಲ.

ಯುದ್ಧದ ವರ್ಷಗಳಲ್ಲಿ ಅಪ್ಪ ಹೋದ, ಆ ಹೆಸರುಗಳನ್ನು ಅವನೂ ಕೊನೆಯವರೆಗೆ ಬಾಯಿಗೆ ತರಲಿಲ್ಲ. ಅವ್ವ ನನ್ನ ಜೊತೆ ಆದವಾನಿಗೆ ಬಂದಳು. ಸೊಸೆಯ ಜೊತೆ ಚೆನ್ನಾಗಿಯೇ ಇದ್ದಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. ಸುಗ್ಗಿಯ ತಿಂಗಳು ಬಂದರೆ ಮಾತ್ರ ಬೆಳಿಗ್ಗೆ ಬಾಗಿಲಲ್ಲಿ ಕೂರುವಳು, ಯಾವ ಗಂಟೆಯ ಸದ್ದಾದರೂ ಕತ್ತೆತ್ತುವಳು. ನಾನು ಶಾಲೆಗೆ ಹೋಗುವಾಗ ಅವಳನ್ನು ದಾಟಿಯೇ ಹೋಗಬೇಕಿತ್ತು. ಅಂಥ ಒಂದೊಂದು ಬೆಳಿಗ್ಗೆಯೂ ನನಗೆ ಶಿಕ್ಷೆ, ಸಿಗಬೇಕಾದ್ದೇ.

ಅವಳು ಹಾಸಿಗೆ ಹಿಡಿದಾಗ ನಾನು ಕಾಲ ಬಳಿ ಕೂತು ಬೇಡಿಕೊಂಡೆ. “ಅವ್ವಾ, ನಿನಗ ಗೊತ್ತೈತಲ್ಲ. ಒಂದು ಸಲ ಹೇಳು. ನಾ ಬರಕೊಂತೀನಿ. ನನಗೇನೂ ಆಗಂಗಿಲ್ಲ. ನನಗ ಮಕ್ಕಳಾಗ್ಯಾವ, ತಲಿ ನರತೈತಿ.”

ಅವಳ ತುಟಿ ಅಲ್ಲಾಡಿತು. ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಕಷ್ಟಪಟ್ಟು ಕೈ ಎತ್ತಿ, ನನ್ನ ಒಂದು ಕಿವಿಯ ಮೇಲೆ ಇಟ್ಟಳು. ಇನ್ನೊಂದು ಕೈ ಎತ್ತಲಾಗಲಿಲ್ಲ.

“ನೀ ಇರು” ಎಂದಳು. ಎರಡು ದಿನಕ್ಕೆ ಹೋದಳು. ಮೂವರನ್ನೂ ಜೊತೆಗೆ ಕರೆದುಕೊಂಡೇ ಹೋದಳು.

ಒಂದೆರಡು ವರ್ಷದ ಮೇಲೆ ಹೆಳವಪ್ಪನ ಮಗ ನನ್ನ ಮನೆ ಹುಡುಕಿಕೊಂಡು ಬಂದ. ಮಿಲ್ಲಿನ ಕೆಲಸ ಬಿಟ್ಟುಬಂದಿದ್ದ. ಅಪ್ಪನ ಕಸುಬು ಹಿಡಿಯಬೇಕೆಂದಿದ್ದ.

“ನಮ್ಮಪ್ಪ ಹೇಳಿದ್ದು ನಿಮ್ಮತ್ರ ಬರದದ್ದು ಐತಂತಲ್ರಿ ಮೇಷ್ಟ್ರ. ಕಲಿಸಿಕೊಡ್ರಿ.”

ನಾಲ್ಕು ಭಾನುವಾರ ಕೂರಿಸಿ ಓದಿ ಹೇಳಿದೆ. ರಕ್ತದಲ್ಲೇ ಇತ್ತು, ಬೇಗ ಬಾಯಿಗೆ ಬಂತು. ನಮ್ಮಪ್ಪನ ಹೆಸರು ಮುಟ್ಟಿದ ಮೇಲೆ ನಾನು ಪುಸ್ತಕ ಮುಚ್ಚಿದೆ.

“ನಿಮ್ಮಪ್ಪಗ ಎಷ್ಟು ಮಂದಿ ಗಂಡುಮಕ್ಕಳ್ರಿ?”

“ನಾಲ್ವರು.”

“ಹೆಸರು ಹೇಳ್ರಿ.”

“ನನ್ನದೊಂದೇ ಗೊತ್ತು.”

ಅವನು ತಲೆ ಕೆರೆದುಕೊಂಡ. “ಹೆಸರಿಲ್ಲದವರನ್ನ ಹೇಳಾಕ ಬರಂಗಿಲ್ರಿ. ಎಲ್ಲಿ ಅಂತ ಕುಂದರಸಲಿ ಅವರನ್ನ?”

ಆ ಸುಗ್ಗಿಯಲ್ಲಿ ಅವನು ಎತ್ತಿನ ಮೇಲೆ ಕೂತು, ಅಪ್ಪನ ಗಂಟೆಯನ್ನೇ ಬಾರಿಸುತ್ತ ನಮ್ಮ ಬಾಗಿಲಿಗೆ ಬಂದ. ಬೀದಿಯಲ್ಲಿ ಸಹೋದ್ಯೋಗಿಗಳು, ವಕೀಲರು ಓಡಾಡುತ್ತಿದ್ದರು. ನಾನು ಟ್ರಂಕಿನ ತಳದಿಂದ ಅವ್ವನ ಕಂಬಳಿ ತೆಗೆದು ಹೊದ್ದು, ಮೊರದ ತುಂಬ ಬಿಳಿಜೋಳ ಹಿಡಿದು ಹೊಸ್ತಿಲ ಹೊರಗೆ ನಿಂತೆ. ಅವನು ಹಿರಿಯರನ್ನೆಲ್ಲ ಹೇಳಿ ಅಪ್ಪನ ಹೆಸರಿಗೆ ಬಂದ, ನಿಲ್ಲಿಸಿದ, ಜೋಳಿಗೆ ಚಾಚಿದ. ಒಂದು ಕ್ಷಣವೂ ತಡಮಾಡದೆ ಸುರಿದೆ.

“ಆತಗ ಒಬ್ಬನ ಮಗ” ಎಂದು ಹೇಳಿ ಅವನು ನನ್ನ ಹೆಸರು ಕೂಗಿದ. ನನ್ನ ಮಕ್ಕಳು ಸುತ್ತ ನಿಂತು ಕೇಳುತ್ತಿದ್ದರು. ಯಾರ ಕಿವಿಯನ್ನೂ ಮುಚ್ಚಬೇಕಾದ ಕಾರಣವಿರಲಿಲ್ಲ. ಅವನು ಜೋಳಿಗೆಯ ಬಾಯಿ ಕಟ್ಟಿಕೊಂಡು ಎತ್ತನ್ನು ಮುಂದಿನ ಮನೆಗೆ ತಿರುಗಿಸಿದ. ನಾನು ಖಾಲಿ ಮೊರ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.